ಹಾಂಗ್‌ಕಾಂಗ್ ಅಫೀಮು ಸುಂಕದ ಒಪ್ಪಂದ, 1886: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾವ ಒಪ್ಪಂದದ ಬಗ್ಗೆ ಹೇಳುತ್ತದೆ?

1886ರ ಸೆಪ್ಟೆಂಬರ್ 11ರಂದು ಹಾಂಗ್‌ಕಾಂಗಿನಲ್ಲಿ ಬ್ರಿಟಿಷ್ ಮತ್ತು ಚೀನೀ ಪ್ರತಿನಿಧಿಗಳು ಸಹಿ ಹಾಕಿದ ಒಪ್ಪಂದದ ಬಗ್ಗೆ. ವಸಾಹತು ಬಂದರಿನಿಂದ ಚೀನಾದ ಕರಾವಳಿಗೆ ಕಳ್ಳದಾರಿಯಲ್ಲಿ ಹೋಗುತ್ತಿದ್ದ ಅಫೀಮಿನ ಮೇಲೆ ಸುಂಕ ವಸೂಲಾಗುವಂತೆ ಮಾಡುವುದು ಅದರ ಉದ್ದೇಶ. ಕೆಲವೇ ಪುಟಗಳ ಈ ಪತ್ರ ಯುದ್ಧಗಳ ಕಥೆಯ ಮರೆಯಲ್ಲಿ ಉಳಿದುಬಿಟ್ಟಿದೆ. ಆದರೆ ನೆಲದ ಒಡೆತನದ ಬಗ್ಗೆ ಒಮ್ಮತವೇ ಇಲ್ಲದ ಎರಡು ಆಡಳಿತಗಳು ಸುಂಕದ ಲೆಕ್ಕದಲ್ಲಿ ಹೇಗೆ ಹೊಂದಿಕೊಂಡವು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದಾಖಲೆ ಆ ಕಾಲದಲ್ಲಿ ಸಿಗುವುದು ಕಷ್ಟ.

ಹಾಂಗ್‌ಕಾಂಗ್ ಮುಕ್ತ ಬಂದರಾಗಿತ್ತಲ್ಲವೇ? ಅಲ್ಲಿ ಸುಂಕದ ಪ್ರಶ್ನೆ ಎಲ್ಲಿಂದ ಬಂತು?

ಮುಕ್ತ ಬಂದರಾಗಿದ್ದುದರಿಂದಲೇ ಬಂತು. 1841ರ ಜನವರಿಯಲ್ಲಿ ಬ್ರಿಟಿಷರು ದ್ವೀಪವನ್ನು ವಶಪಡಿಸಿಕೊಂಡರು. ಅದೇ ವರ್ಷ ಅದನ್ನು ಮುಕ್ತ ಬಂದರೆಂದು ಸಾರಲಾಯಿತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ದ್ವೀಪ ಶಾಶ್ವತವಾಗಿ ಬ್ರಿಟನ್ನಿಗೆ ಸೇರಿತು. 1860ರಲ್ಲಿ ಎದುರು ದಡದ ಕೌಲೂನ್ ಪರ್ಯಾಯದ್ವೀಪದ ತುದಿಯೂ ಸೇರಿಕೊಂಡಿತು. ಹಡಗು ಬಂದು ಸರಕು ಇಳಿಸಿದರೆ ಅಲ್ಲಿ ಆಮದು ಸುಂಕ ಕೇಳುವವರಿರಲಿಲ್ಲ. ಆದರೆ ಕೆಲವೇ ಮೈಲಿಗಳಾಚೆಗಿನ ಸುತ್ತಲ ನೀರು, ದ್ವೀಪಗಳು, ಗುಡ್ಡಗಳು ಎಲ್ಲವೂ ಚೀನಾದವು, ಅಲ್ಲಿ ಸುಂಕ ಇತ್ತು.

1858ರಲ್ಲಿ ಶಾಂಘೈಯಲ್ಲಿ ಆದ ದರಪಟ್ಟಿ ಒಪ್ಪಂದದಲ್ಲಿ ಚೀನಾ ಅಫೀಮಿನ ಆಮದನ್ನು ಕಾನೂನುಬದ್ಧವಾಗಿಸಿ, ಪ್ರತಿ 100 ಕ್ಯಾಟಿಗೆ, ಅಂದರೆ ಒಂದು ಪಿಕುಲ್ ಅಥವಾ ಸುಮಾರು 60 ಕಿಲೋ ತೂಕಕ್ಕೆ, ಟೇಲ್ ಎಂಬ ಚೀನೀ ತೂಕದ ಲೆಕ್ಕದಲ್ಲಿ 30 ಟೇಲ್ ಬೆಳ್ಳಿಯ ಸುಂಕ ಗೊತ್ತುಮಾಡಿತ್ತು. ಕ್ಯಾಂಟನ್, ಶಾಂಘೈ ಮುಂತಾದ, ಒಪ್ಪಂದಗಳ ಮೂಲಕ ಪರದೇಶಿ ವ್ಯಾಪಾರಕ್ಕೆ ತೆರೆದ ಬಂದರುಗಳಿಗೆ ಹಬೆಹಡಗಿನಲ್ಲಿ ಬಂದ ಪೆಟ್ಟಿಗೆ ಸುಂಕ ಕಟ್ಟಲೇಬೇಕಿತ್ತು. ಅದೇ ಪೆಟ್ಟಿಗೆಯನ್ನು ಹಾಂಗ್‌ಕಾಂಗಿನಲ್ಲಿ ಇಳಿಸಿ, ಒಡೆದು, ಉಂಡೆ ಉಂಡೆಯಾಗಿ ಜಂಕ್ ಎಂಬ ಚೀನೀ ಹಾಯಿಹಡಗುಗಳಲ್ಲಿ ಸಾಗಿಸಿದರೆ ಗ್ವಾಂಗ್‌ಡಾಂಗ್ ಕರಾವಳಿಯ ಯಾವುದಾದರೂ ಕೊಲ್ಲಿಯಲ್ಲಿ ಸದ್ದಿಲ್ಲದೆ ಇಳಿಸಬಹುದಿತ್ತು. ಹಾಂಗ್‌ಕಾಂಗಿಗೆ ಬಂದ ಪೆಟ್ಟಿಗೆಗಳಿಗೂ ಚೀನಾದ ಸುಂಕದ ಪುಸ್ತಕದಲ್ಲಿ ದಾಖಲಾದ ಪೆಟ್ಟಿಗೆಗಳಿಗೂ ಪ್ರತಿವರ್ಷ ಸಾವಿರಗಟ್ಟಲೆ ವ್ಯತ್ಯಾಸ ಬೀಳುತ್ತಿತ್ತು. ಜಗಳದ ಮೂಲ ಆ ವ್ಯತ್ಯಾಸ.

ಲಿಕಿನ್ ಎಂದರೇನು?

ತೈಪಿಂಗ್ ದಂಗೆಯನ್ನು ಅಡಗಿಸುವ ಸೈನ್ಯದ ಖರ್ಚಿಗೆಂದು 1853ರಲ್ಲಿ ಶುರುವಾಗಿ, ದಂಗೆ ಮುಗಿದ ಮೇಲೂ ಉಳಿದುಬಿಟ್ಟ ಒಳನಾಡಿನ ಸಾಗಣೆ ತೆರಿಗೆ. ಇದನ್ನು ಪ್ರಾಂತ್ಯಗಳು ದಾರಿಯುದ್ದಕ್ಕೂ ಸುಂಕದ ಕಟ್ಟೆಗಳನ್ನು ಇಟ್ಟು ವಸೂಲು ಮಾಡುತ್ತಿದ್ದವು. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ದರ ಬೇರೆಯಾಗುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ನಮ್ಮ ಗಾದೆಯನ್ನು ಅಲ್ಲಿನ ವರ್ತಕರು ಕೇಳಿದ್ದರೆ ತಕ್ಷಣ ಒಪ್ಪುತ್ತಿದ್ದರು. ಬೀಜಿಂಗ್ ಸರ್ಕಾರಕ್ಕೆ ಸಲ್ಲುವ 30 ಟೇಲ್ ಸುಂಕಕ್ಕಿಂತ ಈ ಲಿಕಿನ್ ಬೇರೆ ಎಂಬುದು ಮುಂದಿನ ಮಾತುಕತೆ ಅರ್ಥವಾಗಲು ಮುಖ್ಯ. ಏಕೆಂದರೆ ಚೀನಾದ ಪರವಾಗಿ ಕುಳಿತವರ ಒಳಗೇ ಎರಡು ಬೊಕ್ಕಸಗಳ ಹಿತಾಸಕ್ತಿ ಇತ್ತು.

"ಹಾಂಗ್‌ಕಾಂಗಿನ ದಿಗ್ಬಂಧನ" ಎಂದು ಕರೆಯುವುದು ಯಾವುದನ್ನು?

1867–68ರ ಹೊತ್ತಿಗೆ ಗ್ವಾಂಗ್‌ಡಾಂಗ್ ಮತ್ತು ಗ್ವಾಂಗ್ಸಿ ಪ್ರಾಂತ್ಯಗಳ ರಾಜಪ್ರತಿನಿಧಿ ರುಯಿಲಿನ್, ಹಾಂಗ್‌ಕಾಂಗ್ ಮತ್ತು ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ಗಳ ಸುತ್ತ ಜಂಕ್‌ಗಳಲ್ಲಿ ಸಾಗುವ ಅಫೀಮಿನ ಮೇಲೆ ಲಿಕಿನ್ ಎತ್ತುವ ಠಾಣೆಗಳನ್ನು ಸ್ಥಾಪಿಸಿದ. 1871ರಲ್ಲಿ ಕ್ಯಾಂಟನ್ನಿನ ಸುಂಕಾಧಿಕಾರಿ, ಅಂದರೆ ಪರದೇಶಿಗಳು ಹೊಪ್ಪೊ ಎಂದು ಕರೆಯುತ್ತಿದ್ದ ಅಧಿಕಾರಿ, ತನ್ನ ಸುಂಕವನ್ನೂ ಅದಕ್ಕೆ ಸೇರಿಸಿದ. ಹಾಂಗ್‌ಕಾಂಗಿನ ಪಶ್ಚಿಮಕ್ಕೆ ಕಾಪ್‌ಶುಯಿಮುನ್ ಜಲಸಂಧಿಯಲ್ಲಿ, ಪೂರ್ವಕ್ಕೆ ಫಾಟ್‌ತೌಚೌ ದ್ವೀಪದಲ್ಲಿ, ದಕ್ಷಿಣಕ್ಕೆ ಚೆಉಂಗ್‌ಚೌ ದ್ವೀಪದಲ್ಲಿ ಠಾಣೆಗಳಿದ್ದವು. ಬಂದರಿನಿಂದ ಯಾವ ದಿಕ್ಕಿಗೆ ಹಾಯಿ ಬಿಚ್ಚಿದರೂ ಒಂದಲ್ಲ ಒಂದು ಸುಂಕದ ದೋಣಿ ಎದುರಾಗುತ್ತಿತ್ತು.

ವಸಾಹತಿನ ವರ್ತಕರು ಇದನ್ನು ದಿಗ್ಬಂಧನ ಎಂದು ಕರೆದರು, ಗವರ್ನರ್ ರಿಚರ್ಡ್ ಮ್ಯಾಕ್‌ಡೊನೆಲ್ ಕಾಲದಿಂದಲೂ ಲಂಡನ್ನಿಗೆ ದೂರು ಹೋಗುತ್ತಲೇ ಇತ್ತು. ಯುದ್ಧಕಾಲದ ಶಬ್ದವನ್ನು ಸುಂಕದ ಠಾಣೆಗೆ ಅಂಟಿಸಿದ್ದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಬಂದರಿಗೆ ಬರುವ ಹೋಗುವ ಹಬೆಹಡಗುಗಳನ್ನು ಯಾರೂ ತಡೆಯುತ್ತಿರಲಿಲ್ಲ, ತಪಾಸಣೆಗೆ ಸಿಕ್ಕುತ್ತಿದ್ದುದು ಚೀನೀ ಜಂಕ್‌ಗಳು. ಆದರೆ ದೂರಿನಲ್ಲಿ ಸತ್ಯವೇ ಇರಲಿಲ್ಲ ಎನ್ನುವಂತಿಲ್ಲ. ಅಫೀಮು ಹುಡುಕುವ ನೆಪದಲ್ಲಿ ಉಪ್ಪುಮೀನು, ಸಕ್ಕರೆ, ಬಟ್ಟೆ ಹೊತ್ತ ಜಂಕ್‌ಗಳೂ ನಿಲ್ಲಬೇಕಾಗುತ್ತಿತ್ತು. ಗಾಳಿ ಮತ್ತು ಉಬ್ಬರವನ್ನೇ ನೆಚ್ಚಿದ ಹಡಗಿಗೆ ಅರ್ಧ ದಿನ ತಪ್ಪಿದರೆ ಆ ದಿನದ ಸಂತೆಯೇ ತಪ್ಪಿದಂತೆ.

ಚೀನಾದ ಅಧಿಕಾರಿಗಳು ಮಾಡಿದ್ದು ಕಾನೂನಿಗೆ ವಿರುದ್ಧವಾಗಿತ್ತೇ?

ತಮ್ಮ ನೀರಿನಲ್ಲಿ, ತಮ್ಮ ಪ್ರಜೆಗಳ ಹಡಗಿನ ಮೇಲೆ, ತಮ್ಮ ದೇಶಕ್ಕೆ ಹೋಗುವ ಸರಕಿಗೆ ತೆರಿಗೆ ಕೇಳುವುದು ಯಾವ ದೇಶಕ್ಕೂ ಇರುವ ಹಕ್ಕು. ಕ್ಯಾಂಟನ್ನಿನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಬ್ರೂಕ್ ರಾಬರ್ಟ್‌ಸನ್ ಚೀನೀಯರ ಈ ವಾದಕ್ಕೆ ಬೆಂಬಲವಾಗಿ ನಿಂತ, ಆ ಕಾರಣಕ್ಕೆ ವಸಾಹತಿನ ವರ್ತಕರ ಕೋಪಕ್ಕೂ ಗುರಿಯಾದ. ಒಂದೇ ಸಾಮ್ರಾಜ್ಯದ ಇಬ್ಬರು ಅಧಿಕಾರಿಗಳು, ಒಬ್ಬ ಬಂದರಿನ ಗವರ್ನರ್, ಇನ್ನೊಬ್ಬ ನೂರು ಮೈಲಿಯೊಳಗಿನ ಕಾನ್ಸಲ್, ಪರಸ್ಪರ ವಿರುದ್ಧವಾದ ವರದಿಗಳನ್ನು ಲಂಡನ್ನಿಗೆ ಕಳಿಸುತ್ತಿದ್ದರೆಂಬುದು ಈ ವಿವಾದ ಅಷ್ಟು ವರ್ಷ ಎಳೆದುಕೊಂಡು ಹೋದ ಕಾರಣಗಳಲ್ಲೊಂದು.

1876ರಲ್ಲೇ ಮಾತುಕತೆಯ ದಾರಿ ತೆರೆದಿತ್ತಲ್ಲ, ಹತ್ತು ವರ್ಷ ಏಕೆ ಹಿಡಿಯಿತು?

ಯುನ್ನಾನಿನಲ್ಲಿ ಅಗಸ್ಟಸ್ ಮಾರ್ಗರಿ ಎಂಬ ಬ್ರಿಟಿಷ್ ಅಧಿಕಾರಿ 1875ರಲ್ಲಿ ಕೊಲೆಯಾದದ್ದನ್ನು ನೆಪವಾಗಿಟ್ಟುಕೊಂಡು, ಬ್ರಿಟಿಷ್ ರಾಯಭಾರಿ ಥಾಮಸ್ ವೇಡ್ 1876ರ ಸೆಪ್ಟೆಂಬರ್ 13ರಂದು ಚೀನಾದ ಹಿರಿಯ ಅಧಿಕಾರಿ ಲಿ ಹೊಂಗ್‌ಜಾಂಗ್ ಜೊತೆ ಚೀಫೂ ಒಪ್ಪಂದಕ್ಕೆ ಸಹಿ ಹಾಕಿದ. ಕೊಲೆಯ ಪರಿಹಾರದ ಜೊತೆಗೆ ವ್ಯಾಪಾರದ ಹತ್ತಾರು ವಿಷಯಗಳು ಅದರಲ್ಲಿ ಸೇರಿದ್ದವು. ಅಫೀಮನ್ನು ಸುಂಕದ ಗೋದಾಮಿನಲ್ಲಿಟ್ಟು ಸುಂಕ ಮತ್ತು ಲಿಕಿನ್ ಎರಡನ್ನೂ ಒಟ್ಟಿಗೆ ವಸೂಲು ಮಾಡುವುದು ಒಂದು. ಹಾಂಗ್‌ಕಾಂಗಿನ ಪ್ರಶ್ನೆಯನ್ನು ಬಗೆಹರಿಸಲು ಬ್ರಿಟಿಷ್ ಕಾನ್ಸಲ್, ವಸಾಹತಿನ ಅಧಿಕಾರಿ ಮತ್ತು ಸಮಾನ ದರ್ಜೆಯ ಚೀನೀ ಅಧಿಕಾರಿ ಸೇರಿದ ಆಯೋಗ ರಚಿಸುವುದು ಇನ್ನೊಂದು.

ಚೀನಾ ತನ್ನ ಕಡೆಯ ಹೊಣೆಗಳನ್ನು ನಿಭಾಯಿಸಿತು, ಬ್ರಿಟನ್ ಒಪ್ಪಂದವನ್ನು ಊರ್ಜಿತಗೊಳಿಸದೆ ಹತ್ತಿರ ಹತ್ತಿರ ಹತ್ತು ವರ್ಷ ಕೂತಿತು. ತಡೆದವರಲ್ಲಿ ಮುಖ್ಯರು ಭಾರತ ಸರ್ಕಾರದವರು. ಲಿಕಿನ್ ಎಷ್ಟೆಂದು ಗೊತ್ತುಮಾಡದೆ ಒಪ್ಪಿದರೆ ಚೀನಾ ಅದನ್ನು ಏರಿಸುತ್ತ ಹೋಗಿ ಭಾರತದ ಅಫೀಮಿನ ಮಾರಾಟ ಕುಸಿದೀತೆಂಬ ಭಯ ಅವರದು. ಕೊನೆಗೆ ಲಂಡನ್ನಿನಲ್ಲಿದ್ದ ಚೀನೀ ರಾಯಭಾರಿ ಝೆಂಗ್ ಜಿಝೆ ಮತ್ತು ಬ್ರಿಟನ್ನಿನ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ 1885ರ ಜುಲೈ 18ರಂದು ಹೆಚ್ಚುವರಿ ವಿಧಿಯೊಂದಕ್ಕೆ ಸಹಿ ಹಾಕಿದರು. ಲಿಕಿನ್ 80 ಟೇಲ್ ಎಂದು ನಿಗದಿಯಾಯಿತು. 30 ಟೇಲ್ ಸುಂಕ ಸೇರಿ ಪಿಕುಲ್ ಒಂದಕ್ಕೆ 110 ಟೇಲ್, ನಾಲ್ಕು ಕಿಲೋಗೂ ಮಿಕ್ಕ ಬೆಳ್ಳಿ. ದರ ಹೀಗೆ ಏರಿದ ಮೇಲೆ ಕಳ್ಳಸಾಗಣೆಯ ಆಸೆಯೂ ಅಷ್ಟೇ ಏರುವುದು ಖಂಡಿತವಾದ್ದರಿಂದ ಹಾಂಗ್‌ಕಾಂಗ್ ಆಯೋಗವನ್ನು ಇನ್ನು ಮುಂದೂಡುವಂತಿರಲಿಲ್ಲ.

ಮಾತುಕತೆಗೆ ಕುಳಿತವರು ಯಾರು?

ಚೀನಾದ ಪರವಾಗಿ ಶಾಂಘೈಯ ಉನ್ನತ ಅಧಿಕಾರಿ ಶಾವ್ ಯೂಲಿಯನ್ ಮತ್ತು ಚೀನಾದ ಸಾಗರ ಸುಂಕ ಇಲಾಖೆಯ ಮುಖ್ಯಸ್ಥ ರಾಬರ್ಟ್ ಹಾರ್ಟ್. ಬ್ರಿಟನ್ನಿನ ಪರವಾಗಿ ಹಾಂಗ್‌ಕಾಂಗಿನ ನ್ಯಾಯಾಧೀಶ ಜೇಮ್ಸ್ ರಸೆಲ್ ಮತ್ತು ತಿಯೆಂಜಿನ್ನಿನ ಕಾನ್ಸಲ್ ಬೈರನ್ ಬ್ರೆನನ್. ಆಗ ವಸಾಹತಿಗೆ ಪೂರ್ಣಾವಧಿ ಗವರ್ನರ್ ಇರಲಿಲ್ಲ, ವಿಲಿಯಂ ಮಾರ್ಷ್ ಆಡಳಿತ ನೋಡಿಕೊಳ್ಳುತ್ತಿದ್ದ.

ರಾಬರ್ಟ್ ಹಾರ್ಟ್ ಬ್ರಿಟಿಷ್ ಪ್ರಜೆ. ಚೀನಾದ ಪರವಾಗಿ ಕುಳಿತದ್ದು ಹೇಗೆ?

ಐರ್ಲೆಂಡಿನ ಪೋರ್ಟಡೌನ್‌ನಲ್ಲಿ 1835ರಲ್ಲಿ ಹುಟ್ಟಿದ ಹಾರ್ಟ್, 1863ರಿಂದ ಚೀನೀ ಚಕ್ರವರ್ತಿಯ ಸಂಬಳದಲ್ಲಿ ಸಾಗರ ಸುಂಕ ಇಲಾಖೆಯನ್ನು ನಡೆಸುತ್ತಿದ್ದ. ಮೇಲಧಿಕಾರಿಗಳಾಗಿ ಪರದೇಶಿಯರಿದ್ದರೂ ಆ ಇಲಾಖೆ ಚೀನಾದ್ದು, ಹಣ ಬೀಜಿಂಗಿಗೆ ಹೋಗುತ್ತಿತ್ತು. 1885ರಲ್ಲಿ ಬ್ರಿಟನ್ ಅವನನ್ನೇ ಬೀಜಿಂಗಿನ ತನ್ನ ರಾಯಭಾರಿಯಾಗಿ ನೇಮಿಸಿತು, ಅವನು ಅದನ್ನು ಬಿಟ್ಟುಕೊಟ್ಟು ಚೀನಾದ ಸೇವೆಯಲ್ಲೇ ಉಳಿದ. ಮರುವರ್ಷ ಬ್ರಿಟಿಷರ ಎದುರು ಕುಳಿತಾಗ ಅವನ ಮನಸ್ಸಿನಲ್ಲಿದ್ದದ್ದು ಒಂದೇ ಗುರಿ ಎಂದು ಹೇಳಬಹುದು. ಹಾಂಗ್‌ಕಾಂಗ್ ಮತ್ತು ಮಕಾವ್ ಸುತ್ತಲ ಠಾಣೆಗಳು ಪ್ರಾಂತ್ಯದ ಕೈಯಿಂದ ತನ್ನ ಇಲಾಖೆಯ ಕೈಗೆ ಬರಬೇಕು. ಬ್ರಿಟಿಷರಿಗೂ ಅದೇ ಅನುಕೂಲವಾಗಿತ್ತು. ಲೆಕ್ಕ ಒಪ್ಪಿಸದ ಪ್ರಾಂತೀಯ ಠಾಣೆಗಿಂತ ಮುದ್ರಿತ ದರಪಟ್ಟಿ, ರಸೀದಿ, ಮೇಲ್ಮನವಿಗೆ ದಾರಿ ಇರುವ ಇಲಾಖೆ ವರ್ತಕರಿಗೆ ಎಷ್ಟೋ ವಾಸಿ.

ಅವರು ಒಪ್ಪಿಕೊಂಡದ್ದು ಏನೇನು?

ವಸಾಹತು ತನ್ನದೇ ಶಾಸನ ಮಾಡುವುದಾಗಿ ಒಪ್ಪಿತು. ಅದರ ಪ್ರಕಾರ ಒಂದು ಪೆಟ್ಟಿಗೆಗಿಂತ ಕಡಿಮೆ ಪ್ರಮಾಣದ ಕಚ್ಚಾ ಅಫೀಮನ್ನು ತರುವುದು, ಹೊರಗೆ ಕಳಿಸುವುದು ನಿಷಿದ್ಧ, ಸೇದುವ ಅಫೀಮನ್ನು ಮಾರುವ ಏಕಸ್ವಾಮ್ಯ ಪಡೆದ ಸರ್ಕಾರದ ಅಫೀಮು ಗುತ್ತಿಗೆದಾರನ ಹೊರತು ಇನ್ನಾರೂ ಅಷ್ಟು ಸಣ್ಣ ಪ್ರಮಾಣವನ್ನು ಇಟ್ಟುಕೊಳ್ಳುವಂತಿಲ್ಲ. ಬಂದ ಪ್ರತಿಯೊಂದು ಪೆಟ್ಟಿಗೆಯನ್ನೂ ಬಂದರು ಅಧಿಕಾರಿಗೆ ವರದಿ ಮಾಡಬೇಕು. ಅವನ ಪರವಾನಗಿ ಇಲ್ಲದೆ, ಗುತ್ತಿಗೆದಾರನಿಗೆ ತಿಳಿಸದೆ, ಹಡಗಿನಿಂದ ಹಡಗಿಗೆ ದಾಟಿಸುವುದಾಗಲಿ, ಇಳಿಸುವುದಾಗಲಿ, ಗೋದಾಮಿನಿಂದ ಗೋದಾಮಿಗೆ ಸಾಗಿಸುವುದಾಗಲಿ ಕೂಡದು. ಆಮದುದಾರರು ಪೆಟ್ಟಿಗೆ ಪೆಟ್ಟಿಗೆಯ ಲೆಕ್ಕ ಇಡಬೇಕು, ಆ ದಾಸ್ತಾನನ್ನು ಎಣಿಸಿ ತಾಳೆ ನೋಡಲು ಅವಕಾಶ ಕೊಡಬೇಕು. ರಾತ್ರಿ ವೇಳೆ ಜಂಕ್‌ಗಳು ಬಂದರು ಬಿಡುವ ನಿಯಮಗಳನ್ನೂ ತಿದ್ದಬೇಕು.

ಚೀನಾ ಕಡೆಯಿಂದ ಒಪ್ಪಿದ್ದು, ಕೌಲೂನ್ ಬದಿಯ ಚೀನೀ ನೆಲದಲ್ಲಿ ಅನುಕೂಲವಾದ ಒಂದು ಜಾಗದಲ್ಲಿ ಸಾಗರ ಸುಂಕ ಇಲಾಖೆಯ ಕಚೇರಿ ತೆರೆದು, ಕೇಳಿ ಬಂದ ಯಾರಿಗಾದರೂ ಪಿಕುಲ್‌ಗೆ 110 ಟೇಲ್ ಮೀರದ ದರದಲ್ಲಿ ಅಫೀಮಿನ ಸುಂಕದ ರಹದಾರಿ ಮಾರುವುದು. ಆ ರಹದಾರಿ ಜೊತೆಗಿದ್ದ ಅಫೀಮಿಗೆ ಬೇರೆ ಯಾವ ತೆರಿಗೆಯನ್ನೂ ಕೇಳುವಂತಿಲ್ಲ. ಕೊಂಡವನು ಇಚ್ಛಿಸಿದರೆ ಮೊಹರು ಹಾಕಿದ ಸಣ್ಣ ಪೊಟ್ಟಣಗಳಾಗಿ ಕಟ್ಟಿಸಿಕೊಳ್ಳಬಹುದು. ಹಾಂಗ್‌ಕಾಂಗಿಗೆ ಬರುವ ಹೋಗುವ ಜಂಕ್‌ಗಳ ಮೇಲೆ, ಮಕಾವಿಗೆ ಹೋಗುವ ಜಂಕ್‌ಗಳಿಗಿಂತ ಹೆಚ್ಚು ಹೊರೆ ಹಾಕಕೂಡದು. ಜಂಕ್‌ನವರಿಗೆ ಅನ್ಯಾಯವಾಗಿದೆ ಎಂದು ದೂರು ಬಂದರೆ ಸುಂಕ ಇಲಾಖೆಯ ಅಧಿಕಾರಿ ವಿಚಾರಿಸಬೇಕು. ಗವರ್ನರ್ ಬಯಸಿದರೆ ಹಾಂಗ್‌ಕಾಂಗಿನ ಒಬ್ಬ ಅಧಿಕಾರಿಯೂ ವಿಚಾರಣೆಯಲ್ಲಿ ಪಾಲ್ಗೊಳ್ಳಬಹುದು. ಇಬ್ಬರಿಗೂ ಒಮ್ಮತವಾಗದಿದ್ದರೆ ವಿಷಯ ಬೀಜಿಂಗಿಗೆ ಹೋಗಬೇಕು.

ಇದರಲ್ಲಿ ಚೀನಾದ ಸುಂಕದವನು ಬ್ರಿಟಿಷ್ ನೆಲದಲ್ಲಿ ಸುಂಕ ಎತ್ತುತ್ತಾನೆಂದು ಒಂದು ಸಾಲೂ ಇಲ್ಲ, ಚೀನಾದ ಸುಂಕವನ್ನು ಬ್ರಿಟಿಷರು ವಸೂಲು ಮಾಡಿಕೊಡುತ್ತಾರೆಂದೂ ಇಲ್ಲ. ಬಂದರು ತನ್ನ ಒಳಗಿನ ವ್ಯವಸ್ಥೆಯನ್ನು ಬಿಗಿ ಮಾಡಿತು, ಚೀನಾ ತನ್ನ ನೆಲದಲ್ಲಿ ನಿಂತು ತನ್ನ ರಸೀದಿ ಮಾರಿತು. ಒಡೆತನದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳದೆ ಬಿಟ್ಟದ್ದರಿಂದಲೇ ಈ ಒಪ್ಪಂದ ನಿಂತಿತು ಎಂಬುದು ನನ್ನ ದೃಢ ಅಭಿಪ್ರಾಯ.

"ಒಂದು ಪೆಟ್ಟಿಗೆ" ಎಂಬ ಮಿತಿಗೆ ಏಕೆ ಅಷ್ಟು ಮಹತ್ವ?

ಪಟ್ನಾ ಅಥವಾ ಬನಾರಸಿನ ಅಫೀಮಿನ ಪೆಟ್ಟಿಗೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮಾವಿನ ಹಲಗೆಯ ಪೆಟ್ಟಿಗೆ. ಒಳಗೆ ಎರಡು ಅಂತಸ್ತು, ಅಂತಸ್ತಿಗೆ 20ರಂತೆ ಒಟ್ಟು 40 ಉಂಡೆಗಳು. ಒಂದೊಂದು ಉಂಡೆಯೂ ಗಸಗಸೆ ಹೂವಿನ ಒಣಗಿದ ಎಸಳುಗಳನ್ನು ಪದರ ಪದರವಾಗಿ ಅಂಟಿಸಿದ ಗಟ್ಟಿ ಚಿಪ್ಪಿನೊಳಗೆ ಇರುತ್ತಿತ್ತು, ಸುಮಾರು ಒಂದೂವರೆ ಕಿಲೋ ತೂಕ. ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು, ಮರೆಮಾಡಲು ಗೋದಾಮು ಬೇಕು, ದೋಣಿಗೆ ಇಳಿಸಿದರೆ ನಾಲ್ಕು ಜನ ನೋಡುತ್ತಾರೆ. ಉಂಡೆಯಾದರೋ ಅಕ್ಕಿಯ ಚೀಲದಲ್ಲಿ, ಮೀನಿನ ಬುಟ್ಟಿಯಲ್ಲಿ, ಹಾಸಿಗೆಯ ಸುರುಳಿಯಲ್ಲಿ ಹೋಗುತ್ತದೆ.

ಪೆಟ್ಟಿಗೆ ಒಡೆಯದಂತೆ ನೋಡಿಕೊಂಡರೆ ಕಳ್ಳಸಾಗಣೆಯ ಅರ್ಧ ಕೆಲಸ ತಾನಾಗಿ ನಿಲ್ಲುತ್ತದೆ ಎಂಬುದು ಆಯೋಗದವರಿಗೆ ಅರ್ಥವಾಗಿತ್ತು. ಪಹರೆ ಹೆಚ್ಚಿಸುವ ಬದಲು ಅವರು ಅಳತೆಯನ್ನು ಬದಲಿಸಿದರು. ಎಣಿಸಬಹುದಾದ ಪೆಟ್ಟಿಗೆ, ಎಣಿಸಿದ್ದನ್ನು ಬರೆದ ಪುಸ್ತಕ, ಪುಸ್ತಕದೊಡನೆ ತಾಳೆಯಾಗುವ ಪರವಾನಗಿ, ಇವಿಷ್ಟೇ ಅವರ ಸಾಧನಗಳು.

ತನ್ನ ವ್ಯಾಪಾರಕ್ಕೆ ಕಡಿವಾಣ ಹಾಕುವ ಶಾಸನವನ್ನು ವಸಾಹತು ಏಕೆ ಒಪ್ಪಿತು?

ಏಕೆಂದರೆ ಅದು ತನ್ನ ಬೊಕ್ಕಸಕ್ಕೂ ಒಳ್ಳೆಯದಾಗಿತ್ತು. ಹಾಂಗ್‌ಕಾಂಗಿನಲ್ಲಿ ಸೇದುವುದಕ್ಕೆ ಸಿದ್ಧಪಡಿಸಿದ ಅಫೀಮನ್ನು ಕುದಿಸಿ ಮಾರುವ ಏಕಸ್ವಾಮ್ಯವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತಿತ್ತು, ಆ ಗುತ್ತಿಗೆಯ ಹಣ ವಸಾಹತಿನ ದೊಡ್ಡ ಆದಾಯಗಳಲ್ಲಿ ಒಂದು. ಒಂದೆರಡು ಉಂಡೆ ಕೊಂಡು ಮನೆಯಲ್ಲೇ ಕದ್ದು ಕುದಿಸುವವರಿಂದ ಗುತ್ತಿಗೆದಾರನಿಗೆ ನಷ್ಟವಾಗುತ್ತಿತ್ತು, ಅವನ ನಷ್ಟ ಮುಂದಿನ ಹರಾಜಿನಲ್ಲಿ ಸರ್ಕಾರದ ನಷ್ಟವಾಗುತ್ತಿತ್ತು. ಒಂದು ಪೆಟ್ಟಿಗೆಯ ಮಿತಿ ಈ ಇಬ್ಬರನ್ನೂ ಕಾಪಾಡಿತು. ಚೀನಾದ ಬೇಡಿಕೆಯೂ ಬಂದರಿನ ಗುತ್ತಿಗೆದಾರನ ಬೇಡಿಕೆಯೂ ಒಂದೇ ವಾಕ್ಯದಲ್ಲಿ ಕೂಡಿ ಬಂದದ್ದು ಈ ಒಪ್ಪಂದದ ಭಾಗ್ಯ. ಅದರ ಮೇಲೆ, ಆದಾಯಕ್ಕಾಗಲಿ ಸಕ್ರಮ ವ್ಯಾಪಾರಕ್ಕಾಗಲಿ ತೀವ್ರ ಧಕ್ಕೆಯಾದರೆ ಶಾಸನವನ್ನು ಹಿಂತೆಗೆದುಕೊಳ್ಳುವ ಹಕ್ಕನ್ನೂ ವಸಾಹತು ಉಳಿಸಿಕೊಂಡಿತ್ತು.

ಇದರಲ್ಲಿ ಮಕಾವ್ ಹೇಗೆ ಬಂತು?

ಹಾಂಗ್‌ಕಾಂಗ್ ಇಟ್ಟ ಷರತ್ತಿನಿಂದ. ತಾನು ಬಿಗಿ ಮಾಡಿ, ಮುತ್ತುನದಿಯ ಕೊಲ್ಲಿಯಾಚೆ ಅರುವತ್ತು ಕಿಲೋಮೀಟರ್ ದೂರದ ಮಕಾವ್ ಸಡಿಲವಾಗಿದ್ದರೆ ವ್ಯಾಪಾರವೆಲ್ಲ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಮಕಾವಿನಲ್ಲೂ ಸರಿಸಮಾನ ವ್ಯವಸ್ಥೆ ಮಾಡಿಸುವ ಹೊಣೆ ಚೀನಾದ ಮೇಲೆ ಬಿತ್ತು.

ಪೋರ್ಚುಗೀಸರು ಹದಿನಾರನೇ ಶತಮಾನದಿಂದ ಮಕಾವಿನಲ್ಲಿದ್ದರು, ಚೀನಾಕ್ಕೆ ವರ್ಷಕ್ಕೆ 500 ಟೇಲ್ ನೆಲಬಾಡಿಗೆ ಕೊಡುತ್ತಿದ್ದರು. 1849ರಲ್ಲಿ ಗವರ್ನರ್ ಫೆರೇರಾ ದೊ ಅಮರಾಲ್ ಬಾಡಿಗೆ ನಿಲ್ಲಿಸಿ, ಚೀನೀ ಸುಂಕದ ಕಚೇರಿಯನ್ನೂ ಹೊರಹಾಕಿದ. ಅದೇ ವರ್ಷದ ಆಗಸ್ಟ್ 22ರಂದು ಅವನ ಕೊಲೆಯಾಯಿತು. 1862ರಲ್ಲಿ ಮಾಡಿಕೊಂಡ ಒಪ್ಪಂದ ಊರ್ಜಿತವಾಗದೆ ಬಿದ್ದುಹೋಯಿತು. ಹೀಗಾಗಿ ಮಕಾವ್ ತನ್ನದೆಂದು ಹೇಳಲು ಪೋರ್ಚುಗಲ್ ಬಳಿ ಚೀನಾ ಒಪ್ಪಿದ ಕಾಗದ ಇರಲಿಲ್ಲ. ಹಾರ್ಟ್ ಸ್ವತಃ ಮಕಾವಿಗೆ ಹೋಗಿ ಮಾತನಾಡಿದ, ಬಳಿಕ ತನ್ನ ಲಂಡನ್ ಪ್ರತಿನಿಧಿ ಜೇಮ್ಸ್ ಡಂಕನ್ ಕ್ಯಾಂಪ್‌ಬೆಲ್‌ನನ್ನು ಲಿಸ್ಬನ್ನಿಗೆ ಕಳಿಸಿದ. 1887ರ ಮಾರ್ಚ್ 26ರಂದು ಕ್ಯಾಂಪ್‌ಬೆಲ್ ಮತ್ತು ಪೋರ್ಚುಗಲ್‌ನ ವಿದೇಶಾಂಗ ಮಂತ್ರಿ ಬಾರೋಸ್ ಗೋಮೆಸ್ ಸಹಿ ಹಾಕಿದ ಲಿಸ್ಬನ್ ಪತ್ರದಲ್ಲಿ, ಮಕಾವನ್ನು ಪೋರ್ಚುಗಲ್ ಶಾಶ್ವತವಾಗಿ ನೆಲೆಸಿ ಆಳಬಹುದೆಂದು ಚೀನಾ ಒಪ್ಪಿತು. ಚೀನಾದ ಸಮ್ಮತಿಯಿಲ್ಲದೆ ಅದನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವುದಿಲ್ಲ ಎಂದು ಪೋರ್ಚುಗಲ್ ಒಪ್ಪಿತು. ಡಿಸೆಂಬರ್ 1ರಂದು ಬೀಜಿಂಗಿನಲ್ಲಿ ಪೂರ್ಣ ಒಪ್ಪಂದವಾಯಿತು.

ಅಫೀಮಿನ ಸುಂಕಕ್ಕಾಗಿ ನೆಲದ ಹಕ್ಕನ್ನೇ ಬಿಟ್ಟುಕೊಟ್ಟದ್ದನ್ನು ಚೀನಾದಲ್ಲಿ ಯಾರೂ ಪ್ರಶ್ನಿಸಲಿಲ್ಲವೇ?

ಪ್ರಶ್ನಿಸಿದರು. ಕ್ಯಾಂಟನ್ನಿನ ರಾಜಪ್ರತಿನಿಧಿ ಜಾಂಗ್ ಜಿಡೊಂಗ್ ಬಲವಾಗಿ ವಿರೋಧಿಸಿದ. ಒಂದು ಕಡೆ ಮಕಾವಿನ ಮೇಲಿನ ಹಕ್ಕು, ಇನ್ನೊಂದು ಕಡೆ ಪ್ರಾಂತ್ಯದ ಕೈತಪ್ಪುವ ಠಾಣೆಗಳ ಆದಾಯ, ಎರಡೂ ಅವನನ್ನು ಕಾಡಿದವು. ಆದರೆ ಫ್ರಾನ್ಸಿನೊಡನೆ 1884–85ರಲ್ಲಿ ಯುದ್ಧ ಮಾಡಿ ಬಸವಳಿದಿದ್ದ ಬೀಜಿಂಗಿಗೆ ನೌಕಾಪಡೆಗೂ ರಕ್ಷಣೆಗೂ ಹಣ ತುರ್ತಾಗಿ ಬೇಕಿತ್ತು. ಮಕಾವಿಗೆ ತೆತ್ತ ಬೆಲೆ ಹೆಚ್ಚಾಯಿತು ಎಂಬ ಜಾಂಗ್‌ನ ಮಾತಿನಲ್ಲಿ ನ್ಯಾಯವಿದೆ ಎಂದೇ ನಾನು ಭಾವಿಸುತ್ತೇನೆ. ಸುಂಕದ ಹಣ ಕೆಲವು ದಶಕ ಬಂತು, ಮಕಾವಿನಲ್ಲಿ ಪೋರ್ಚುಗೀಸ್ ಆಡಳಿತ 1999ರವರೆಗೆ ಉಳಿಯಿತು.

ಒಪ್ಪಂದ ಜಾರಿಗೆ ಬಂದ ಮೇಲೆ ಏನಾಯಿತು?

1887ರ ಫೆಬ್ರವರಿ 1ರಿಂದ ಸುಂಕ ಮತ್ತು ಲಿಕಿನ್ ಒಟ್ಟಾಗಿ 110 ಟೇಲ್ ವಸೂಲಾಗತೊಡಗಿತು. ಏಪ್ರಿಲ್ ತಿಂಗಳಲ್ಲಿ ಹಾಂಗ್‌ಕಾಂಗಿನ ಸುತ್ತಲ ಠಾಣೆಗಳು ಕೌಲೂನ್ ಸುಂಕ ವಿಭಾಗವಾಗಿ, ಮಕಾವಿನ ಸುತ್ತಲ ಠಾಣೆಗಳು, ಎದುರಿನ ದ್ವೀಪದ ಹೆಸರಿನ ಲಾಪ್ಪ ಸುಂಕ ವಿಭಾಗವಾಗಿ ಹಾರ್ಟ್‌ನ ಇಲಾಖೆಗೆ ಬಂದವು. ಅಲ್ಲಿಯವರೆಗೆ ಪರದೇಶಿ ಮಾದರಿಯ ಹಡಗುಗಳನ್ನಷ್ಟೇ ನೋಡುತ್ತಿದ್ದ ಇಲಾಖೆ ಇಲ್ಲಿ ಜಂಕ್‌ಗಳ ಸುಂಕವನ್ನೂ ನೋಡತೊಡಗಿತು. ಹಿಂದೆ ಲೆಕ್ಕಕ್ಕೆ ಸಿಗದಿದ್ದ ಪೆಟ್ಟಿಗೆಗಳು ಪುಸ್ತಕಕ್ಕೆ ಏರಿದ್ದರಿಂದ ಚೀನಾದ ಆಮದಿನ ಅಂಕಿಗಳು ಕೆಲಕಾಲ ಹಿಗ್ಗಿದವು. ಕೌಲೂನ್ ವಿಭಾಗದ ಮುಖ್ಯಾಧಿಕಾರಿಯ ಕಚೇರಿ ಇದ್ದದ್ದು ಮಾತ್ರ ಹಾಂಗ್‌ಕಾಂಗ್ ದ್ವೀಪದಲ್ಲಿ, ಅಂದರೆ ಬ್ರಿಟಿಷ್ ನೆಲದಲ್ಲಿ! ಸುಂಕ ಎತ್ತುವುದು ಅತ್ತ, ಕಾಗದಪತ್ರ ನೋಡುವುದು ಇತ್ತ. ಒಪ್ಪಂದದಲ್ಲಿ ಬರೆಯದೆ ಬಿಟ್ಟದ್ದನ್ನು ಬಳಕೆ ಹೀಗೆ ತುಂಬಿಕೊಂಡಿತು.

1898ರಲ್ಲಿ ಬ್ರಿಟನ್ 99 ವರ್ಷದ ಗೇಣಿಗೆ ಹಾಂಗ್‌ಕಾಂಗಿಗೆ ಹೊಂದಿಕೊಂಡ ಹೊಸ ಪ್ರದೇಶಗಳನ್ನು ಪಡೆದಾಗ, ಠಾಣೆಗಳು ನಿಂತಿದ್ದ ದ್ವೀಪ, ದಡಗಳೇ ವಸಾಹತಿಗೆ ಸೇರಿಹೋದವು. 1899ರ ಅಕ್ಟೋಬರಿನಲ್ಲಿ ಠಾಣೆಗಳು ಅಲ್ಲಿಂದ ಕಾಲ್ತೆಗೆದು ಹೊಸ ಗಡಿಯ ಆಚೆಗೆ ಹೋಗಬೇಕಾಯಿತು.

ಈ ವಿಷಯದಲ್ಲಿ ಭಾರತದ ಪಾಲೇನು?

ಸರಕು ನಮ್ಮದು. ಬಿಹಾರ ಮತ್ತು ಬನಾರಸ್ ಸೀಮೆಯ ರೈತರು ಮುಂಗಡ ಹಣದ ಕಟ್ಟಿಗೆ ಸಿಕ್ಕಿ ಗಸಗಸೆ ಬೆಳೆದು, ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಕೊಡುತ್ತಿದ್ದರು. ಅದು ಕಲ್ಕತ್ತೆಯಲ್ಲಿ ಹರಾಜಾಗುತ್ತಿತ್ತು. ಮಾಳವದ ಸಂಸ್ಥಾನಗಳಲ್ಲಿ ಬೆಳೆದದ್ದು ಪೆಟ್ಟಿಗೆಗಿಷ್ಟು ಎಂದು ರಹದಾರಿ ಶುಲ್ಕ ತೆತ್ತು ಮುಂಬಯಿಯಿಂದ ಹಡಗೇರುತ್ತಿತ್ತು. ಭಾರತ ಸರ್ಕಾರದ ದೊಡ್ಡ ಆದಾಯಗಳಲ್ಲಿ ಇದೂ ಒಂದಾಗಿತ್ತು. ಆದ್ದರಿಂದ ಹಾಂಗ್‌ಕಾಂಗಿನಲ್ಲಿ ನಾಲ್ವರು ಕುಳಿತು ತೂಗಿದ ಪೆಟ್ಟಿಗೆಯ ಹಿಂದೆ ಗಾಜೀಪುರದ ಹೊಲದಲ್ಲಿ ಬೆಳಗಿನ ಜಾವ ಗೀರಿದ ಕಾಯಿಯಿಂದ ಹಾಲು ಕೆರೆದ ಕೈಗಳಿದ್ದವು. ಆ ಕೈಗಳಿಗೆ 110 ಟೇಲಿನಲ್ಲಿ ಒಂದು ಕಾಸೂ ಬರಲಿಲ್ಲ.

ಅಫೀಮು ಸೇದಿ ಹಾಳಾಗುತ್ತಿದ್ದವರ ವಿಚಾರ ಮಾತುಕತೆಯಲ್ಲಿ ಬಂತೇ?

ಒಪ್ಪಂದದ ಯಾವ ಸಾಲಿನಲ್ಲೂ ಇಲ್ಲ. ಸುಂಕ, ಗುತ್ತಿಗೆ, ಜಂಕ್‌ನವರ ದೂರು, ಇವಕ್ಕೆಲ್ಲ ಜಾಗ ಸಿಕ್ಕಿತು. ಸೇದುವವರ ಸರದಿ ಬರಲು 1907ರವರೆಗೆ ಕಾಯಬೇಕಾಯಿತು. ಆಗ ಭಾರತದ ಅಫೀಮಿನ ರಫ್ತನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಲು ಬ್ರಿಟನ್ ಒಪ್ಪಿತು.

ಆ ಸುಂಕ ವಿಭಾಗಗಳು ಈಗಲೂ ಇವೆಯೇ?

ಇವೆ, ಹೆಸರು ಬದಲಾಗಿದೆ. ಕೌಲೂನ್ ಸುಂಕ ವಿಭಾಗ ಬಹಳ ಕಾಲ ಅದೇ ಹೆಸರಿನಲ್ಲಿ ಗಡಿಯಾಚೆ ಕೆಲಸ ಮಾಡುತ್ತಿತ್ತು. ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ 1997ರಲ್ಲಿ ಅದಕ್ಕೆ ಶೆನ್‌ಜೆನ್ ಸುಂಕ ವಿಭಾಗ ಎಂದು ಹೆಸರಿಟ್ಟರು. ಲಾಪ್ಪ ವಿಭಾಗದ ಉತ್ತರಾಧಿಕಾರಿ ಮಕಾವಿನ ಗಡಿಯ ಗೊಂಗ್‌ಬೇ ಸುಂಕ ವಿಭಾಗ. ಹಾಂಗ್‌ಕಾಂಗ್ ಇಂದಿಗೂ ಮುಕ್ತ ಬಂದರು, ಚೀನಾದೊಳಗೇ ಪ್ರತ್ಯೇಕ ಸುಂಕ ಪ್ರದೇಶ. ಒಂದೇ ದೇಶವಾದ ಮೇಲೂ ಅದರ ಗಡಿ ದಾಟುವ ಸರಕಿಗೆ ಸುಂಕದ ತಪಾಸಣೆ ಇದ್ದೇ ಇದೆ.